ದುಡ್ಡು ಕೊಟ್ಟು ಕೊಂಡ ದಂಡನಾಯಕ

ಲೆಫ್ಟಿನೆಂಟ್ ಹುದ್ದೆಗೆ 1,190 ಪೌಂಡ್. ಕ್ಯಾಪ್ಟನ್ ಆಗಬೇಕೆಂದರೆ 3,225. ಮೇಜರ್‌ಗೆ 4,575. ಇಡೀ ರೆಜಿಮೆಂಟನ್ನೇ ಕೈಗೆ ಕೊಡುವ ಲೆಫ್ಟಿನೆಂಟ್ ಕರ್ನಲ್ ಹುದ್ದೆಗೆ 6,175 ಪೌಂಡ್.

ಇದು ಯಾವುದೋ ದಲ್ಲಾಳಿಯ ಡೈರಿಯಲ್ಲಿ ಸಿಕ್ಕ ಪಟ್ಟಿಯಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ ಸರ್ಕಾರವೇ ತನ್ನ ಅಶ್ವದಳದ ಹುದ್ದೆಗಳಿಗೆ ಗೊತ್ತುಮಾಡಿದ್ದ ದರ. ಮೇಲಿನ ಜಾಗ ಖಾಲಿಯಾದಾಗ ನಿಮ್ಮ ಈಗಿನ ಹುದ್ದೆಯನ್ನು ಇನ್ನೊಬ್ಬನಿಗೆ ಮಾರಿ, ವ್ಯತ್ಯಾಸದ ಹಣ ಕಟ್ಟಿದರೆ ಬಡ್ತಿ. ನಿವೃತ್ತರಾಗುವಾಗ ಹುದ್ದೆ ಮಾರಿದರೆ ಅದೇ ಪಿಂಚಣಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಮಾಡುವಂತೆ ನಾನೂ 'ಕ್ರಿಮಿಯಾ ಯುದ್ಧ, 1853-56' ಎಂಬ ಸಾಲನ್ನು ಬಾಯಿಪಾಠ ಮಾಡಿ ಮುಂದೆ ಹೋಗಿದ್ದೆ. ಆ ಯುದ್ಧದ ಒಬ್ಬ ಅಧಿಕಾರಿಯ ಬದುಕು ಓದತೊಡಗಿದ ಮೇಲೆ ಈ ದರಪಟ್ಟಿ ಎದುರಾಯಿತು. ಆತನ ಹೆಸರು ಜೇಮ್ಸ್ ಬ್ರೂಡೆನೆಲ್. ಕಾರ್ಡಿಗನ್ನಿನ ಏಳನೇ ಅರ್ಲ್. ಚಳಿಗೆ ನಾವು ಹಾಕುವ, ಮುಂದೆ ಗುಂಡಿ ಇರುವ ಸ್ವೆಟರ್‌ಗೆ ಕಾರ್ಡಿಗನ್ ಎನ್ನುತ್ತೇವಲ್ಲ, ಆ ಹೆಸರು ಬಂದದ್ದು ಈತನಿಂದಲೇ.

ಹುದ್ದೆ ಮಾರುವ ಈ ಪದ್ಧತಿಗೆ ಅವರದೇ ಆದ ಒಂದು ಸಮರ್ಥನೆಯೂ ಇತ್ತು. ಹದಿನೇಳನೇ ಶತಮಾನದಲ್ಲಿ ಕ್ರಾಮ್‌ವೆಲ್‌ನ ಸೇನೆ ರಾಜನನ್ನೇ ಕೆಳಗಿಳಿಸಿದ್ದನ್ನು ಇಂಗ್ಲೆಂಡ್ ಮರೆತಿರಲಿಲ್ಲ. ಆಸ್ತಿಪಾಸ್ತಿ ಇದ್ದವರ ಕೈಯಲ್ಲಿ ಸೇನೆ ಇದ್ದರೆ ಅವರು ದಂಗೆ ಏಳುವುದಿಲ್ಲ, ಕಳೆದುಕೊಳ್ಳಲು ಅವರಿಗೆ ಬೇಕಾದಷ್ಟು ಇರುತ್ತದೆ ಎಂಬ ಲೆಕ್ಕಾಚಾರ. ತಮಾಷೆಯೆಂದರೆ ಫಿರಂಗಿ ದಳಕ್ಕೂ ಎಂಜಿನಿಯರ್ ದಳಕ್ಕೂ ಈ ಮಾರಾಟ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಗಣಿತ ಗೊತ್ತಿಲ್ಲದಿದ್ದರೆ ಗುಂಡು ಗುರಿ ಮುಟ್ಟುವುದಿಲ್ಲ, ಸೇತುವೆ ನಿಲ್ಲುವುದಿಲ್ಲ. ಕುದುರೆ ಮೇಲೆ ಕೂತು ಆಜ್ಞೆ ಕೊಡಲು ಅಂಥ ಅಗತ್ಯ ಇಲ್ಲ ಎಂದುಕೊಂಡಿದ್ದರು ಅಂತ ಕಾಣುತ್ತದೆ!

ಬ್ರೂಡೆನೆಲ್ ಹುಟ್ಟಿದ್ದು 1797ರಲ್ಲಿ. ಏಳು ಹೆಣ್ಣುಮಕ್ಕಳ ನಡುವೆ ಉಳಿದ ಒಬ್ಬನೇ ಗಂಡು. ನಾರ್ಥಾಂಪ್ಟನ್‌ಶೈರ್‌ನ ಡೀನ್ ಪಾರ್ಕ್ ಎಂಬ ದೊಡ್ಡ ಬಂಗಲೆಯಲ್ಲಿ ಆತ ಹೇಳಿದ್ದೇ ಮಾತು. ಹ್ಯಾರೋ ಶಾಲೆ, ಆಕ್ಸ್‌ಫರ್ಡ್, ಇಪ್ಪತ್ತೊಂದು ತುಂಬುವ ಮೊದಲೇ ಪಾರ್ಲಿಮೆಂಟ್ ಸದಸ್ಯತ್ವ. ಸೇನೆಗೆ ಸೇರಿದಾಗ ಇಪ್ಪತ್ತಾರು ದಾಟಿತ್ತು. 1824ರಲ್ಲಿ ಅಶ್ವದಳದ ಅತಿ ಕೆಳಗಿನ ಅಧಿಕಾರಿಯಾದ ಕಾರ್ನೆಟ್ ಆದವನು 1830ರ ಹೊತ್ತಿಗೆ ಲೆಫ್ಟಿನೆಂಟ್ ಕರ್ನಲ್. ಆರೇ ವರ್ಷ! ಒಂದು ಯುದ್ಧ ಕಂಡಿರಲಿಲ್ಲ. 1832ರಲ್ಲಿ 15ನೇ ಹುಸ್ಸಾರ್ ರೆಜಿಮೆಂಟಿನ ಅಧಿಪತ್ಯ ಸಿಕ್ಕಿತು. ಅದಕ್ಕೆ ಆತ ಕೊಟ್ಟದ್ದು ಸರ್ಕಾರಿ ದರದ ಎಷ್ಟೋ ಪಟ್ಟು ಎಂದು ಜನ ಆಡಿಕೊಂಡರು. ದರಕ್ಕಿಂತ ಹೆಚ್ಚು ಕೊಡುವುದು ಕಾನೂನಿಗೆ ವಿರುದ್ಧವಾಗಿತ್ತು. ಕೊಡದವರು ಮಾತ್ರ ಅಪರೂಪ.

ಇದರ ಪಕ್ಕಕ್ಕೆ ಇನ್ನೊಂದು ಬಯೋಡೇಟಾ ಇಟ್ಟು ನೋಡಿ. ಗ್ಲಾಸ್ಗೋದ ಒಬ್ಬ ಬಡಗಿಯ ಮಗ ಕಾಲಿನ್ ಕ್ಯಾಂಪ್‌ಬೆಲ್. 1808ರಲ್ಲಿ, ಹದಿನೈದನೇ ವಯಸ್ಸಿಗೆ ಸೇನೆ ಸೇರಿದ. ಸ್ಪೇನಿನಲ್ಲಿ ನೆಪೋಲಿಯನ್ನನ ಸೈನ್ಯದ ಎದುರು ಹೋರಾಡಿ ಗಾಯಗೊಂಡ. ಆತ ಲೆಫ್ಟಿನೆಂಟ್ ಕರ್ನಲ್ ಆದದ್ದು 1832ರಲ್ಲಿ. ಅಂದರೆ ಇಪ್ಪತ್ತನಾಲ್ಕು ವರ್ಷ. 1854ರಲ್ಲಿ ಕ್ರಿಮಿಯಾಕ್ಕೆ ಹೊರಟಾಗ ಕ್ಯಾಂಪ್‌ಬೆಲ್‌ಗೆ ನಲವತ್ತಾರು ವರ್ಷದ ಸೇವೆ, ಕೈಯಲ್ಲಿ ಒಂದು ಬ್ರಿಗೇಡ್. ಬ್ರೂಡೆನೆಲ್‌ಗೂ ಒಂದು ಬ್ರಿಗೇಡ್. ಇಬ್ಬರೂ ಒಂದೇ ಮೈದಾನದಲ್ಲಿ ನಿಂತರು.

ಹದಿನೈದನೇ ಹುಸ್ಸಾರ್‌ನಲ್ಲಿ ಬ್ರೂಡೆನೆಲ್ ಉಳಿದದ್ದು ಎರಡೇ ವರ್ಷ. ಕ್ಯಾಪ್ಟನ್ ವಾಥೆನ್ ಎಂಬ ಅನುಭವಸ್ಥನ ಮೇಲೆ ಇಲ್ಲಸಲ್ಲದ್ದು ಹೊರಿಸಿ ಕೋರ್ಟ್ ಮಾರ್ಷಲ್ ಮಾಡಿಸಿದ. ವಾಥೆನ್ ನಿರ್ದೋಷಿ ಎಂದಾಯಿತು, ದೂರು ಕೊಟ್ಟ ಕರ್ನಲ್‌ನನ್ನೇ 1834ರಲ್ಲಿ ತೆಗೆದುಹಾಕಿದರು. ನಮ್ಮ ನಿಮ್ಮಂಥವರಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆತನ ಅಕ್ಕತಂಗಿಯರಲ್ಲಿ ಒಬ್ಬಳ ಗಂಡ ರಾಣಿಯ ಅರಮನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಶಿಫಾರಸು ಕೆಲಸ ಮಾಡಿತು. 1836ರಲ್ಲಿ 11ನೇ ಲೈಟ್ ಡ್ರಗೂನ್ಸ್ ರೆಜಿಮೆಂಟ್ ಆತನ ಪಾಲಾಯಿತು. ಮರುವರ್ಷ ಅಪ್ಪ ತೀರಿಕೊಂಡು ಅರ್ಲ್ ಪದವಿಯೂ ಅಪಾರ ಆಸ್ತಿಯೂ ಬಂದವು.

ಈ ರೆಜಿಮೆಂಟ್ ಆಗ ಇದ್ದದ್ದು ಭಾರತದಲ್ಲಿ. 1819ರಿಂದ ಇಲ್ಲಿಯೇ ಬಿಸಿಲು, ಜ್ವರ, ಯುದ್ಧ ಎಲ್ಲ ಕಂಡಿತ್ತು. ಹೊಸ ಕರ್ನಲ್ 1837ರಲ್ಲಿ ಕಾನ್ಪುರಕ್ಕೆ ಬಂದು ಕೆಲವು ವಾರ ಇದ್ದು ಹೊರಟುಹೋದ. ರೆಜಿಮೆಂಟ್ ಇಂಗ್ಲೆಂಡಿಗೆ ಮರಳಿದ ಮೇಲೆ ಶುರುವಾಯಿತು ನೋಡಿ. ಭಾರತದಲ್ಲಿ ದುಡಿದು ಬಂದ ಬ್ರಿಟಿಷ್ ಅಧಿಕಾರಿಗಳನ್ನು ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಅವರಲ್ಲಿ ಹೆಚ್ಚಿನವರು ಶ್ರೀಮಂತರಲ್ಲ. ಇಂಗ್ಲೆಂಡಿನಲ್ಲಿ ಕೂತು ಹುದ್ದೆ ಕೊಳ್ಳಲು ಆಗದವರೇ ಹೆಚ್ಚಾಗಿ ಭಾರತಕ್ಕೆ ಬರುತ್ತಿದ್ದದ್ದು. 'ಇಂಡಿಯನ್ ಆಫೀಸರ್ಸ್' ಎಂಬುದೇ ಆತನ ಬಾಯಲ್ಲಿ ಬೈಗುಳವಾಯಿತು. ಗಮನಿಸಿ, ಬೈಸಿಕೊಂಡವರು ಭಾರತೀಯರಲ್ಲ, ಬಿಳಿಯರೇ. ಕೆಲಸ ಬಲ್ಲವರು ಎಂಬುದಷ್ಟೇ ಅವರ ತಪ್ಪು.

1840ರ ಮೇ ತಿಂಗಳಲ್ಲಿ ಆಫೀಸರ್ಸ್ ಮೆಸ್‌ನಲ್ಲಿ ಅತಿಥಿಗಳಿಗೆ ಊಟ. ಕ್ಯಾಪ್ಟನ್ ಜಾನ್ ರೆನಾಲ್ಡ್ಸ್ ಅತಿಥಿಯೊಬ್ಬನಿಗಾಗಿ ಮೊಸೆಲ್ ವೈನ್ ತರಿಸಿದ. ಅದು ಕಪ್ಪು ಬಾಟಲಿಯಲ್ಲಿ ಬಂತು. ಅಗ್ಗದ ಪೋರ್ಟರ್ ಬಿಯರ್ ಬರುತ್ತಿದ್ದದ್ದೂ ಕಪ್ಪು ಬಾಟಲಿಯಲ್ಲೇ, ಅದು 'ಭಾರತದವರ' ಕುಡಿತ ಎಂದು ಕರ್ನಲ್‌ಗೆ ಅಸಹ್ಯ. ಮೇಜಿನ ಮೇಲೆ ಬಾಟಲಿ ಕಂಡದ್ದೇ ತಡ, ಮರುದಿನ ರೆನಾಲ್ಡ್ಸ್‌ಗೆ ಛೀಮಾರಿ. ಮಾತಿಗೆ ಮಾತು ಬೆಳೆದು ರೆನಾಲ್ಡ್ಸ್ ಬಂಧನಕ್ಕೊಳಗಾದ. ಸುದ್ದಿ ಪತ್ರಿಕೆಗೆ ಹೋಯಿತು. ಆಮೇಲೆ ಕಾರ್ಡಿಗನ್ ನಾಟಕ ನೋಡಲು ಹೋದಲ್ಲೆಲ್ಲ ಜನ 'ಬ್ಲ್ಯಾಕ್ ಬಾಟಲ್, ಬ್ಲ್ಯಾಕ್ ಬಾಟಲ್' ಎಂದು ಕೂಗತೊಡಗಿದರು.

ಭಾರತದಲ್ಲಿದ್ದು ಬಂದ ಹಾರ್ವಿ ಟಕೆಟ್ ಎಂಬ ಮಾಜಿ ಕ್ಯಾಪ್ಟನ್ ಇದನ್ನೆಲ್ಲ 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಗೆ ಬರೆದ. ಕಾರ್ಡಿಗನ್ ಆತನನ್ನು ದ್ವಂದ್ವಯುದ್ಧಕ್ಕೆ ಕರೆದ. 1840ರ ಸೆಪ್ಟೆಂಬರ್ 12ರಂದು ವಿಂಬಲ್ಡನ್ ಬಯಲಿನಲ್ಲಿ ಇಬ್ಬರೂ ಪಿಸ್ತೂಲು ಹಿಡಿದು ನಿಂತರು. ಎರಡನೇ ಸುತ್ತಿನಲ್ಲಿ ಟಕೆಟ್‌ಗೆ ಗುಂಡು ತಗುಲಿತು, ಆದರೆ ಬದುಕಿದ. ದ್ವಂದ್ವ ಅಪರಾಧ. ಆದರೆ ಅರ್ಲ್‌ನ ವಿಚಾರಣೆ ನಡೆಸುವ ಹಕ್ಕು ಹೌಸ್ ಆಫ್ ಲಾರ್ಡ್ಸ್‌ಗೆ ಮಾತ್ರ, ಅಂದರೆ ಆತನ ಸರೀಕರಿಗೆ. 1841ರ ಫೆಬ್ರವರಿ 16ರಂದು ವಿಚಾರಣೆ. ಆರೋಪಪಟ್ಟಿಯಲ್ಲಿ 'ಹಾರ್ವಿ ಗಾರ್ನೆಟ್ ಫಿಪ್ಸ್ ಟಕೆಟ್' ಎಂದು ಪೂರ್ತಿ ಹೆಸರು ಇತ್ತು. ಗುಂಡು ತಿಂದ 'ಹಾರ್ವಿ ಟಕೆಟ್' ಮತ್ತು ಈ ಉದ್ದ ಹೆಸರಿನವನು ಒಬ್ಬನೇ ಎಂದು ಯಾರೂ ಸಾಬೀತು ಮಾಡಿಲ್ಲ ಎಂಬ ಕಾರಣಕ್ಕೆ ಬಿಡುಗಡೆ! ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಅಂತ ಅಲೆದವರಿಗೆ ಇದರ ರುಚಿ ಚೆನ್ನಾಗಿ ಗೊತ್ತಾಗುತ್ತದೆ. ನಮಗೆ ಅದು ಅಡ್ಡಿ, ಆತನಿಗೆ ರಕ್ಷೆ.

ಅದೇ ವರ್ಷ ಈಸ್ಟರ್ ಭಾನುವಾರ, ಚರ್ಚಿನ ಪ್ರಾರ್ಥನೆ ಮುಗಿಯುತ್ತಿದ್ದಂತೆ, ಅದೇ ಕಟ್ಟಡದಲ್ಲಿ ಸೈನಿಕನೊಬ್ಬನಿಗೆ ನೂರು ಛಡಿಯೇಟು ಕೊಡಿಸಿದ. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. ಹುದ್ದೆ ಅಲುಗಲಿಲ್ಲ.

ಇಷ್ಟೇ ಹೇಳಿದರೆ ಆತನಿಗೆ ಅನ್ಯಾಯ. ರೆಜಿಮೆಂಟಿನ ಮೇಲೆ ತನ್ನ ಸ್ವಂತ ಹಣ ಸುರಿಯುತ್ತಿದ್ದ. ಸವಾರರ ಚೆರ್ರಿ ಬಣ್ಣದ ಬಿಗಿ ಪ್ಯಾಂಟು, ಬಂಗಾರದ ಜರಿ, ಒಳ್ಳೆಯ ಕುದುರೆ ಎಲ್ಲ ನೋಡಲು ಲಂಡನ್ ಬೀದಿಯಲ್ಲಿ ಜನ ನಿಲ್ಲುತ್ತಿದ್ದರಂತೆ. ಕವಾಯತಿನಲ್ಲಿ ಅದಕ್ಕೆ ಸಾಟಿಯಿಲ್ಲ. ಸ್ವತಃ ಒಳ್ಳೆಯ ಸವಾರ. ಹೆದರಿಕೆ ಎಂಬುದು ಮೈಯಲ್ಲೇ ಇರಲಿಲ್ಲ. ಆದರೆ ಕವಾಯತು ಯುದ್ಧವಲ್ಲ. 1854ರ ಬೇಸಿಗೆಯಲ್ಲಿ ರಷ್ಯನ್ನರ ಸುಳಿವು ಹುಡುಕಲು ಡ್ಯಾನ್ಯೂಬ್ ನದಿಯ ಕಡೆ ದಳವೊಂದನ್ನು ಕರೆದೊಯ್ದು, ಶತ್ರು ಸಿಗದೆ, ಕುದುರೆಗಳನ್ನು ಬಳಲಿಸಿ ಬೆನ್ನು ಹುಣ್ಣು ಮಾಡಿಸಿಕೊಂಡು ಬಂದ. ಹಲವು ಕುದುರೆಗಳು ಸತ್ತವು, ಬದುಕಿದವುಗಳಲ್ಲಿ ಎಷ್ಟೋ ಮತ್ತೆ ಕೆಲಸಕ್ಕೆ ಬರಲಿಲ್ಲ.

ಇಲ್ಲಿ ನಮ್ಮ ಬೆಂಗಳೂರಿನ ಒಬ್ಬನನ್ನು ಪರಿಚಯಿಸಬೇಕು. ಬೆಂಗಳೂರಿನವನಲ್ಲ, ಆದರೆ ಇಲ್ಲಿ ಪಳಗಿದವನು. ಕ್ಯಾಪ್ಟನ್ ಲೂಯಿಸ್ ನೋಲನ್. ಕಾರ್ಡಿಗನ್‌ನನ್ನು ಹೊರಹಾಕಿದ ಅದೇ 15ನೇ ಹುಸ್ಸಾರ್ 1840ರ ದಶಕದಲ್ಲಿ ಬೆಂಗಳೂರು ದಂಡಿನಲ್ಲಿತ್ತು, ನೋಲನ್ ಅದರಲ್ಲಿದ್ದ. ಕುದುರೆ ಪಳಗಿಸುವುದರಲ್ಲಿ ಅಸಾಧ್ಯ ನಿಪುಣ, ಈ ಬಗ್ಗೆ ಎರಡು ಪುಸ್ತಕ ಬರೆದ. ಅವುಗಳಲ್ಲಿ 1853ರಲ್ಲಿ ಬಂದ ಪುಸ್ತಕದಲ್ಲಿ ಹೈದರಾಬಾದ್ ನಿಜಾಮನ ಸವಾರರ ಪ್ರಸ್ತಾಪ ಬರುತ್ತದೆ. ಬ್ರಿಟಿಷರು ಎಸೆದ ಹಳೇ ಕತ್ತಿಗಳನ್ನೇ ಅವರು ಸಾಣೆ ಹಿಡಿದು, ಮರದ ಒರೆಯಲ್ಲಿಟ್ಟು ಬಳಸುತ್ತಿದ್ದರು. ಬ್ರಿಟಿಷ್ ಸವಾರರ ಕಬ್ಬಿಣದ ಒರೆಯಲ್ಲಿ ಕತ್ತಿ ಮೊಂಡಾದರೆ, ಇವರದ್ದು ಕೈಕಾಲು ಕತ್ತರಿಸುವಷ್ಟು ಹರಿತ. ಒಂದು ಕೆಲಸವನ್ನು ಹೀಗೆ ಹತ್ತಿರದಿಂದ ನೋಡಿ, ಯಾರಿಂದಾದರೂ ಕಲಿಯುವ ಮನಸ್ಸು ನೋಲನ್‌ನದ್ದು. ಆತನೂ ಹುದ್ದೆ ಕೊಂಡವನೇ, ಅದನ್ನು ಮುಚ್ಚಿಡಬಾರದು.

1854ರ ಅಕ್ಟೋಬರ್ 25, ಬಾಲಕ್ಲಾವಾ. ಬೆಳಿಗ್ಗೆ ರಷ್ಯನ್ ಸವಾರರು ನುಗ್ಗಿದಾಗ ಕ್ಯಾಂಪ್‌ಬೆಲ್‌ನ ಕಾಲಾಳುಗಳು ಎರಡೇ ಸಾಲಿನಲ್ಲಿ ನಿಂತು ತಡೆದರು. ಆಮೇಲೆ ರಷ್ಯನ್ನರು ಎತ್ತರದ ದಿಬ್ಬದ ಮೇಲಿದ್ದ ತೋಪುಗಳನ್ನು ಎಳೆದೊಯ್ಯುತ್ತಿರುವಂತೆ ಬೆಟ್ಟದ ಮೇಲಿದ್ದ ಸೇನಾಧಿಪತಿ ಲಾರ್ಡ್ ರಾಗ್ಲನ್‌ಗೆ ಕಂಡಿತು. ತಡೆಯಿರಿ ಎಂದು ಚೀಟಿ ಬರೆಸಿ ನೋಲನ್ ಕೈಲಿ ಕಳಿಸಿದ. ಕೆಳಗೆ ಕಣಿವೆಯಲ್ಲಿದ್ದ ಅಶ್ವದಳದ ಮುಖ್ಯಸ್ಥ ಲಾರ್ಡ್ ಲ್ಯೂಕನ್‌ಗೆ ಆ ತೋಪುಗಳು ಕಾಣುತ್ತಲೇ ಇರಲಿಲ್ಲ. ಯಾವ ತೋಪು ಎಂದು ಕೇಳಿದ. ನೋಲನ್ ಸಿಟ್ಟಿನಿಂದ ಕೈಬೀಸಿ ತೋರಿಸಿದ, ಕೈ ಹೋದದ್ದು ಕಣಿವೆಯ ತುದಿಯತ್ತ. ಅಲ್ಲಿ ಸಾಲಾಗಿ ರಷ್ಯನ್ ಫಿರಂಗಿ, ಎಡಬಲದ ದಿಬ್ಬಗಳಲ್ಲೂ ಫಿರಂಗಿ.

ಲ್ಯೂಕನ್ ಈ ಆಜ್ಞೆ ದಾಟಿಸಬೇಕಾದದ್ದು ಲೈಟ್ ಬ್ರಿಗೇಡಿನ ಕಾರ್ಡಿಗನ್‌ಗೆ. ಕಾರ್ಡಿಗನ್ ತಂಗಿಯ ಗಂಡ ಲ್ಯೂಕನ್. ಇಬ್ಬರಿಗೂ ಎಷ್ಟೋ ವರ್ಷದಿಂದ ಹಾವು ಮುಂಗುಸಿಯ ಸಂಬಂಧ. ಮುಂದೆಯೂ ಎರಡೂ ಬದಿಯಲ್ಲೂ ಫಿರಂಗಿಗಳಿವೆ ಎಂದು ಕಾರ್ಡಿಗನ್ ಹೇಳಿದ. ಬೇರೆ ದಾರಿಯಿಲ್ಲ ಎಂದ ಲ್ಯೂಕನ್. ಪರಸ್ಪರ ಸರಿಯಾಗಿ ಮಾತಾಡುವ ಇಬ್ಬರು ಆ ಜಾಗದಲ್ಲಿದ್ದಿದ್ದರೆ, ಐದು ನಿಮಿಷ ಕೂತು ಆ ಚೀಟಿಯನ್ನು ಮತ್ತೊಮ್ಮೆ ಓದುತ್ತಿದ್ದರೇನೋ. ಇಬ್ಬರೂ ಆ ಹುದ್ದೆಗೆ ಬಂದದ್ದು ಹಣದ ದಾರಿಯಲ್ಲಿ.

ಸುಮಾರು 670 ಸವಾರರು. ಎರಡು ಕಿಲೋಮೀಟರ್. ಕಾರ್ಡಿಗನ್ ಎಲ್ಲರಿಗಿಂತ ಮುಂದೆ, ರೊನಾಲ್ಡ್ ಎಂಬ ಕುದುರೆಯ ಮೇಲೆ, ಹಿಂತಿರುಗಿಯೂ ನೋಡದೆ ಸಾಗಿದ. ನೋಲನ್ ಇದ್ದಕ್ಕಿದ್ದಂತೆ ಕುದುರೆ ಓಡಿಸಿ ಆತನ ಮುಂದೆ ಅಡ್ಡ ಬಂದ. ದಿಕ್ಕು ತಪ್ಪಿದೆ ಎಂದು ಹೇಳಲು ಬಂದನೇ? ಯಾರಿಗೂ ತಿಳಿಯಲಿಲ್ಲ, ಮೊದಲ ಗುಂಡಿನ ಚೂರೇ ಆತನ ಎದೆ ಸೀಳಿತು. ಫಿರಂಗಿಗಳ ಸಾಲು ಮುಟ್ಟಿ ಆಚೆ ದಾಟಿದ ಕಾರ್ಡಿಗನ್, ಸೈನಿಕರ ನಡುವೆ ನಿಂತು ಕತ್ತಿ ಬೀಸುವುದು ದಂಡನಾಯಕನ ಕೆಲಸವಲ್ಲ ಎಂದುಕೊಂಡು ಒಬ್ಬನೇ ವಾಪಸ್ ಹೊರಟ. ಹೊಗೆಯೊಳಗೆ ಉಳಿದವರನ್ನು ಒಟ್ಟುಗೂಡಿಸಿ ಹೊರತಂದದ್ದು ಲಾರ್ಡ್ ಜಾರ್ಜ್ ಪ್ಯಾಜೆಟ್, ಕರ್ನಲ್ ಡಗ್ಲಾಸ್ ಮೊದಲಾದವರು. ಬ್ರಿಗೇಡಿಯರ್ ಎಲ್ಲಿ ಎಂದು ಪ್ಯಾಜೆಟ್ ಕೇಳುತ್ತಲೇ ಇದ್ದ. ಸುಮಾರು 110 ಜನ ಸತ್ತರು, 160ರಷ್ಟು ಮಂದಿ ಗಾಯಗೊಂಡರು, 350ಕ್ಕೂ ಹೆಚ್ಚು ಕುದುರೆಗಳು ಹೋದವು. ವಾಪಸ್ ಬಂದ ಕಾರ್ಡಿಗನ್ ಮೊದಲು ದೂರಿದ್ದು, ತನ್ನ ಮುಂದೆ ಕುದುರೆ ಓಡಿಸಿದ ನೋಲನ್‌ನ ಅಶಿಸ್ತಿನ ಬಗ್ಗೆ.

ಬಂದರಿನಲ್ಲಿ ಆತನ ಸ್ವಂತ ಹಡಗು ಡ್ರಯಾಡ್ ನಿಂತಿತ್ತು. ಸೈನಿಕರು ಡೇರೆಯಲ್ಲಿ, ಬ್ರಿಗೇಡಿಯರ್ ರಾತ್ರಿ ಹಡಗಿನಲ್ಲಿ. ಆ ಚಳಿಗಾಲ ಮೇವು ಬಂದರಿನಿಂದ ದಂಡಿನ ತನಕ ಬರಲಿಲ್ಲ. ಹಸಿದ ಕುದುರೆಗಳು ಒಂದರ ಬಾಲವನ್ನು ಇನ್ನೊಂದು ಕಚ್ಚಿ ತಿಂದು ಸತ್ತವು. ಡಿಸೆಂಬರ್‌ನಲ್ಲಿ ಆತ ಅನಾರೋಗ್ಯದ ಕಾರಣ ಕೊಟ್ಟು ಊರಿಗೆ ಹೊರಟ.

ಇಂಗ್ಲೆಂಡಿನಲ್ಲಿ ಬೇರೆಯೇ ಕಥೆ ಕಾದಿತ್ತು. ಟೆನಿಸನ್ ಕವಿತೆ ಡಿಸೆಂಬರ್‌ನಲ್ಲೇ ಅಚ್ಚಾಗಿತ್ತು. ಬ್ಲ್ಯಾಕ್ ಬಾಟಲ್ ಎಂದು ಕೂಗಿದ ಜನವೇ ಜೈಕಾರ ಹಾಕಿದರು, ಅಂಗಡಿಗಳಲ್ಲಿ ಆತನ ಚಿತ್ರ, ಆತನ ಹೆಸರಿನ ಉಣ್ಣೆಯ ಅಂಗಿ. ಇಡೀ ಅಶ್ವದಳದ ಇನ್ಸ್‌ಪೆಕ್ಟರ್ ಜನರಲ್ ಹುದ್ದೆಯೂ ಬಂತು. ಕುದುರೆಗಳ ಸಾವಿನ ಬಗ್ಗೆ 1856ರಲ್ಲಿ ಮೆಕ್‌ನೀಲ್ ಮತ್ತು ಟುಲೋಕ್ ಕೊಟ್ಟ ವರದಿ ಲ್ಯೂಕನ್, ಕಾರ್ಡಿಗನ್ ಇಬ್ಬರತ್ತಲೂ ಬೊಟ್ಟುಮಾಡಿತು. ಅದರ ಮೇಲೆ ಚೆಲ್ಸಿಯಲ್ಲಿ ಕೂತ ಸೇನಾಧಿಕಾರಿಗಳ ಮಂಡಳಿ ಯಾರ ತಪ್ಪೂ ಇಲ್ಲ ಎಂದು ಕಡತ ಮುಚ್ಚಿತು.

ಕ್ಯಾಂಪ್‌ಬೆಲ್ 1857ರಲ್ಲಿ ಭಾರತದ ಬ್ರಿಟಿಷ್ ಸೇನೆಯ ಮುಖ್ಯಸ್ಥನಾಗಿ ಬಂದು ಲಖನೌ ಮುತ್ತಿಗೆ ತೆರವು ಮಾಡಿಸಿದ. ನಮ್ಮ ಇತಿಹಾಸದಲ್ಲಿ ಆತ ಎದುರುಪಕ್ಷದವನು, ಆದ್ದರಿಂದ ಮೆಚ್ಚುಗೆ ಕಷ್ಟ. ಕೆಲಸ ಬಲ್ಲವನು ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ಕಾರ್ಡಿಗನ್ 1868ರ ಮಾರ್ಚ್‌ನಲ್ಲಿ ಕುದುರೆಯಿಂದ ಬಿದ್ದು ಸತ್ತ. ಮಕ್ಕಳಿರಲಿಲ್ಲ. ಮೂರು ವರ್ಷದ ನಂತರ ಯುದ್ಧ ಸಚಿವ ಕಾರ್ಡ್‌ವೆಲ್ ಹುದ್ದೆ ಮಾರಾಟ ನಿಲ್ಲಿಸುವ ಮಸೂದೆ ತಂದ. ಲಾರ್ಡ್ಸ್ ಸಭೆ ಅಡ್ಡಗಾಲು ಹಾಕಿತು. ಪ್ರಧಾನಿ ಗ್ಲ್ಯಾಡ್‌ಸ್ಟನ್ ಸುತ್ತುಬಳಸದೆ ರಾಣಿ ವಿಕ್ಟೋರಿಯಾ ಕೈಯಿಂದ ನೇರ ಆದೇಶ ಹೊರಡಿಸಿದ. 1871ರ ನವೆಂಬರ್ 1ರಿಂದ ಮಾರಾಟ ನಿಂತಿತು. ಆದರೆ ಹಾಲಿ ಅಧಿಕಾರಿಗಳು ಹಾಕಿದ ಬಂಡವಾಳ ಏನಾಗಬೇಕು? ಸರ್ಕಾರಿ ದರದ ಜೊತೆಗೆ, ಕಾನೂನು ಮೀರಿ ಮೇಜಿನ ಕೆಳಗೆ ಕೊಟ್ಟಿದ್ದ ಹೆಚ್ಚುವರಿ ಹಣವನ್ನೂ ಸೇರಿಸಿ, ಬೊಕ್ಕಸದಿಂದ ಅವರಿಗೆ ಪರಿಹಾರ ಕೊಡಲಾಯಿತು.