ತಾಯಿಯ ತೊಡೆಯೂ ಮೋಟಾರಿನ ಪೀಠವೂ

ನಮ್ಮ ತಂಗಿಗೆ ಮೂವರು ಮಕ್ಕಳು. ಹಿರಿಯವಳಿಗೆ ಆರು ವರ್ಷ, ನಡುವಿನವನಿಗೆ ಮೂರು, ಕಿರಿಯ ಕೂಸಿಗೆ ಇನ್ನೂ ಹತ್ತು ತಿಂಗಳು. ರಜೆಯ ದಿನಗಳಲ್ಲಿ ಮೈಸೂರಿನಿಂದ ತೀರ್ಥಹಳ್ಳಿಯ ಕಡೆಯ ಊರಿಗೆ ಹೋಗಿಬರುವುದಕ್ಕಾಗಿ ಎಸ್‌ಯುವಿ ಎಂದು ಈಗ ಎಲ್ಲರೂ ಕರೆಯುವ ಎತ್ತರದ ಮೋಟಾರು ವಾಹನವೊಂದನ್ನು ಕೊಳ್ಳಬೇಕೆಂದು ಆಕೆಯೂ ಆಕೆಯ ಪತಿಯೂ ನಿಶ್ಚಯಿಸಿದರು. ಭೌತಶಾಸ್ತ್ರವನ್ನು ಬೋಧಿಸುವವರೆಂಬ ಕಾರಣದಿಂದ ನಮ್ಮ ಸಲಹೆಯನ್ನೂ ಕೇಳಿದರು. ವಾಹನಕ್ಕಿಂತ ಮೊದಲು ಮೂವರು ಮಕ್ಕಳಿಗೂ ಬೇರೆಬೇರೆ ಸುರಕ್ಷಾ ಪೀಠಗಳನ್ನು ಗೊತ್ತುಮಾಡಬೇಕೆಂದು ನಾವು ಹೇಳಿದೆವು. ಅದನ್ನು ಕೇಳಿ ನಮ್ಮ ತಾಯಿಯವರು ನಕ್ಕುಬಿಟ್ಟರು. “ನಿಮ್ಮನ್ನೆಲ್ಲ ತೊಡೆಯ ಮೇಲೆ ಮಲಗಿಸಿಕೊಂಡೇ ಊರೂರು ತಿರುಗಿದೆನಲ್ಲಪ್ಪ! ತಾಯಿಯ ತೊಡೆಗಿಂತ ಭದ್ರವಾದ ಜಾಗ ಇನ್ನಾವುದಿದೆ?” ಎಂದರು.

ಈ ಪ್ರಶ್ನೆಯ ಹಿಂದಿರುವ ಪ್ರೀತಿ ದೊಡ್ಡದು. ಆದರೆ ಚಲಿಸುವ ವಸ್ತುಗಳು ನ್ಯೂಟನ್ನನ ನಿಯಮಗಳಿಗೆ ಮಾತ್ರ ತಲೆಬಾಗುತ್ತವೆ. ಆದುದರಿಂದ ಲೆಕ್ಕವನ್ನೇ ಮಾಡಿ ನೋಡೋಣ.

ಗಂಟೆಗೆ 50 ಕಿಲೋಮೀಟರು ವೇಗದಿಂದ ಹೋಗುತ್ತಿರುವ ಕಾರು ಸೆಕೆಂಡಿಗೆ ಸುಮಾರು 14 ಮೀಟರು ದೂರವನ್ನು ಕ್ರಮಿಸುತ್ತದೆ. ಅದರೊಳಗೆ ಕುಳಿತ ತಾಯಿಗೂ ಆಕೆಯ ತೊಡೆಯ ಮೇಲಿನ ಮಗುವಿಗೂ ಅದೇ ವೇಗವಿರುತ್ತದೆ. ಕಾರು ಒಂದು ಗೋಡೆಗೆ ಅಪ್ಪಳಿಸಿತೆಂದು ಭಾವಿಸಿ. ಕಾರು ನಿಲ್ಲುತ್ತದೆ, ಮಗು ಮಾತ್ರ ಜಡತ್ವದ ನಿಯಮಕ್ಕೆ ಅನುಸಾರವಾಗಿ ಅದೇ ವೇಗದಿಂದ ಮುಂದಕ್ಕೆ ಸಾಗುತ್ತದೆ. ಸುಮಾರು 10 ಮೀಟರು ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮನೆಯ ಮೇಲಿನಿಂದ ಬಿದ್ದ ವಸ್ತು ನೆಲವನ್ನು ಮುಟ್ಟುವಾಗ ಇರುವ ವೇಗವೂ ಇಷ್ಟೇ.

ಮಗುವಿನ ತೂಕ 10 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಕಾರಿನ ಮುಂಭಾಗವು ನಜ್ಜುಗುಜ್ಜಾಗುತ್ತ 60 ಸೆಂಟಿಮೀಟರಿನಷ್ಟು ಒಳಕ್ಕೆ ಸರಿದು ನಿಂತಿತೆಂದು ಊಹಿಸಿದರೆ, ಈ ವ್ಯಾಪಾರವೆಲ್ಲ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ ಕಾಲದಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಮಗುವನ್ನು ಕಾರಿನೊಂದಿಗೇ ನಿಲ್ಲಿಸಬೇಕಾದರೆ ತಾಯಿಯ ತೋಳುಗಳು ಸುಮಾರು 1600 ನ್ಯೂಟನ್ ಬಲವನ್ನು ಪ್ರಯೋಗಿಸಬೇಕು. ಇದು 50 ಕಿಲೋಗ್ರಾಮಿನ ಮೂರು ಅಕ್ಕಿಮೂಟೆಗಳನ್ನು ಒಟ್ಟಿಗೆ ಎತ್ತಿಹಿಡಿಯುವುದಕ್ಕಿಂತಲೂ ಹೆಚ್ಚಿನ ಬಲ. ಯಾವ ತಾಯಿಯ ತೋಳಿಗೂ ಇದು ಸಾಧ್ಯವಲ್ಲ. ತಾಯಿಯು ಪಟ್ಟಿಯನ್ನು ಬಿಗಿದುಕೊಂಡಿಲ್ಲವಾದರೆ ಆಕೆಯೂ ಮುಂದಕ್ಕೆ ಚಿಮ್ಮಿ, ತನ್ನ ಭಾರದಿಂದಲೇ ಮಗುವನ್ನು ಅದುಮಿಬಿಡುವ ಅಪಾಯವುಂಟು.

ಹಾಗಾದರೆ ರಕ್ಷಣೆಯ ಗುಟ್ಟೇನು? ಇದನ್ನು ತಿಳಿಯಲು ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗವನ್ನು ಮಾಡಬಹುದು. ಇಬ್ಬರು ಗೆಳೆಯರು ಹಳೆಯ ಪಂಚೆಯೊಂದನ್ನು ಸಡಿಲವಾಗಿ ಹರಡಿ ಹಿಡಿಯಲಿ. ಅದರ ಕೆಳ ಅಂಚು ತೊಟ್ಟಿಲಿನಂತೆ ಮಡಿಚಿರಲಿ. ಕೋಳಿಮೊಟ್ಟೆಯೊಂದನ್ನು ರಭಸದಿಂದ ಅದರ ಮೇಲೆ ಎಸೆದರೆ ಮೊಟ್ಟೆ ಒಡೆಯುವುದಿಲ್ಲ. ಅದೇ ರಭಸದಿಂದ ಗೋಡೆಗೆ ಎಸೆದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಎರಡು ಸಂದರ್ಭಗಳಲ್ಲಿಯೂ ಕಳೆದುಹೋದ ಚಲನ ಶಕ್ತಿ ಒಂದೇ. ಪಂಚೆಯಲ್ಲಿ ಮೊಟ್ಟೆ ಹೆಚ್ಚು ದೂರ ಸಾಗಿ ನಿಂತಿತು. ಆದುದರಿಂದ ಅದರ ಮೇಲೆ ಬಿದ್ದ ಬಲ ಕಡಮೆಯಾಯಿತು. ನಿಲ್ಲುವ ದೂರ ಹೆಚ್ಚಿದಷ್ಟೂ ಬಲ ಕಡಮೆ. ವಾಹನ ಸುರಕ್ಷೆಯ ಶಾಸ್ತ್ರದ ಬಹುಭಾಗವು ಈ ಒಂದು ವಾಕ್ಯದ ವಿಸ್ತಾರವೆನ್ನಬಹುದು.

ಬೇಲಾ ಬಾರೆನಿ ಎಂಬ ಇಂಜಿನಿಯರು ಈ ತತ್ತ್ವವನ್ನು ಅನುಸರಿಸಿ, ಪ್ರಯಾಣಿಕರು ಕೂರುವ ಭಾಗ ಗಟ್ಟಿಯಾಗಿಯೂ ಮುಂದಿನ ಮತ್ತು ಹಿಂದಿನ ಭಾಗಗಳು ಕುಸಿಯುವಂತೆಯೂ ಇರುವ ಕಾರಿನ ಒಡಲನ್ನು ಯೋಚಿಸಿದನು. 1959ರಲ್ಲಿ ಮರ್ಸಿಡಿಸ್ ಕಾರುಗಳಲ್ಲಿ ಅದು ಕಾಣಿಸಿಕೊಂಡಿತು. ಅದೇ ವರ್ಷ ಸ್ವೀಡನ್ ದೇಶದ ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ ಎಂಬುವನ ಮೂರು ಬಿಂದುಗಳ ಸುರಕ್ಷಾ ಪಟ್ಟಿ ಬಳಕೆಗೆ ಬಂದಿತು. ಪಟ್ಟಿಯು ನಮ್ಮನ್ನು ಕಾರಿಗೆ ಕಟ್ಟಿಹಾಕಿ, ಕಾರು ಕುಸಿಯುವ ಆ 60 ಸೆಂಟಿಮೀಟರಿನ ಲಾಭವನ್ನು ನಮಗೂ ದೊರಕಿಸುತ್ತದೆ.

ಆದರೆ ಮಕ್ಕಳು ಚಿಕ್ಕ ಗಾತ್ರದ ದೊಡ್ಡವರಲ್ಲ. ಹುಟ್ಟಿದ ಶಿಶುವಿನ ತಲೆಯು ಅದರ ಒಟ್ಟು ಉದ್ದದ ಸುಮಾರು ನಾಲ್ಕನೆಯ ಒಂದು ಭಾಗ. ದೊಡ್ಡವರಲ್ಲಿ ಇದು ಎಂಟನೆಯ ಒಂದು ಭಾಗ ಮಾತ್ರ. ಭಾರವಾದ ತಲೆಯನ್ನು ಎಳೆಯ ಕತ್ತು ಹೊತ್ತಿರುತ್ತದೆ. ಕೂಸು ಮುಂದಕ್ಕೆ ಮುಖಮಾಡಿ ಕುಳಿತಿದ್ದರೆ, ಢಿಕ್ಕಿಯಾದಾಗ ಪಟ್ಟಿಯು ಮೈಯನ್ನು ತಡೆಯುತ್ತದೆ, ತಲೆ ಮಾತ್ರ ಮುಂದಕ್ಕೆ ಹಾರುತ್ತದೆ, ಎಳೆತವೆಲ್ಲ ಕತ್ತಿನ ಮೇಲೆ ಬೀಳುತ್ತದೆ. 1960ರ ದಶಕದಲ್ಲಿ ಬಾಹ್ಯಾಕಾಶಕ್ಕೆ ಏರುತ್ತಿದ್ದ ಅಮೆರಿಕದ ಜೆಮಿನಿ ಯಾನಿಗಳು ಬೆನ್ನಿನ ಮೇಲೆ ಒರಗಿ ಆ ಪ್ರಚಂಡ ವೇಗೋತ್ಕರ್ಷವನ್ನು ತಾಳಿಕೊಳ್ಳುತ್ತಿದ್ದರು. ಇದರಿಂದ ಪ್ರೇರಿತನಾದ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯನು ಹಿಂದಕ್ಕೆ ಮುಖಮಾಡಿದ ಮಕ್ಕಳ ಪೀಠವನ್ನು ರೂಪಿಸಿದನು. 1964ರಲ್ಲಿ ಅದರ ಮಾದರಿಯ ಪರೀಕ್ಷೆ ನಡೆಯಿತು. ಹೀಗೆ ಕುಳಿತ ಮಗುವಿನ ಬೆನ್ನು, ಕತ್ತು, ತಲೆ ಎಲ್ಲಕ್ಕೂ ಪೀಠದ ಬೆನ್ನಾಸರೆ ಒಟ್ಟಿಗೆ ದೊರೆಯುತ್ತದೆ. 2013ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ 129ನೆಯ ನಿಯಮಾವಳಿಯ ಪ್ರಕಾರ 15 ತಿಂಗಳಿನವರೆಗಾದರೂ ಮಗು ಹೀಗೆಯೇ ಕೂರಬೇಕು. ಗಾಳಿಚೀಲವು ಚಾಲೂ ಇರುವ ಮುಂದಿನ ಆಸನದಲ್ಲಿ ಮಾತ್ರ ಇಂತಹ ಪೀಠವನ್ನು ಎಂದಿಗೂ ಇಡಬಾರದು. ಸಿಡಿದುಬರುವ ಚೀಲದ ಹೊಡೆತ ನೇರವಾಗಿ ಮಗುವಿನ ತಲೆಯ ಹಿಂಬದಿಗೆ ತಗಲುತ್ತದೆ.

ಇಷ್ಟನ್ನು ತಿಳಿದ ಮೇಲೆ ನಾವು ಒಂದು ಅಳತೆಯ ಟೇಪನ್ನು ಜೇಬಿನಲ್ಲಿಟ್ಟುಕೊಂಡು ವಾಹನದ ಮಳಿಗೆಗೆ ಹೊರಟೆವು. “ಹಿಂದೆ ಮೂವರು ಧಾರಾಳವಾಗಿ ಕೂರಬಹುದು” ಎಂದು ಮಾರಾಟದ ಯುವಕನು ಹೇಳಿದನು. ದೊಡ್ಡವರಿಗೆ ಸಂಬಂಧಿಸಿದಂತೆ ಅದು ನಿಜವಿರಬಹುದು. ನಾವು ಭುಜವನ್ನು ಓರೆಮಾಡಿ ಹೊಂದಿಕೊಳ್ಳುತ್ತೇವೆ. ಮಕ್ಕಳ ಪೀಠದ ಗಟ್ಟಿ ಕವಚ ಹಾಗೆ ಹೊಂದಿಕೊಳ್ಳಲಾರದು. ಒಂದೊಂದು ಪೀಠದ ಅಗಲ 44 ಸೆಂಟಿಮೀಟರು ಎಂದು ಹಿಡಿದರೂ ಮೂರಕ್ಕೆ 132 ಬೇಕು. ಅಲ್ಲಿದ್ದ ಅತಿ ಎತ್ತರದ ವಾಹನದ ಹಿಂದಿನ ಆಸನವನ್ನು ಅಳೆದಾಗ ಸಿಕ್ಕಿದ್ದು 128 ಮಾತ್ರ!

ಅಗಲದ ಜೊತೆಗೆ ಕೊಂಡಿಗಳನ್ನೂ ನೋಡಬೇಕು. ಐಸೋಫಿಕ್ಸ್ ಎಂಬ ಉಕ್ಕಿನ ಕೊಂಡಿಗಳು 280 ಮಿಲಿಮೀಟರು ಅಂತರದಲ್ಲಿ ಆಸನದ ಬುಡದಲ್ಲಿರುತ್ತವೆ. ಪೀಠವನ್ನು ತಪ್ಪಾಗಿ ಕಟ್ಟುವ ಅವಕಾಶವನ್ನು ಇವು ಕಡಮೆಮಾಡುತ್ತವೆ. ಸಾಮಾನ್ಯವಾಗಿ ಇವು ಎರಡು ಬದಿಗಳಲ್ಲಿ ಮಾತ್ರ ಇದ್ದು, ನಡುವಿನ ಪೀಠವನ್ನು ಪಟ್ಟಿಯಿಂದಲೇ ಬಿಗಿಯಬೇಕಾಗುತ್ತದೆ. ಮೂರು ಸಾಲುಗಳ ವಾಹನವಾದರೆ, ನಡುಸಾಲಿನಲ್ಲಿ ಪೀಠಗಳನ್ನು ಬಿಗಿದ ಮೇಲೆ ಕೊನೆಯ ಸಾಲಿಗೆ ಹೋಗಲು ದಾರಿ ಉಳಿಯುವುದೇ, ಅಲ್ಲಿಯೂ ಮೂರು ಬಿಂದುಗಳ ಪಟ್ಟಿ ಇದೆಯೇ ಎಂಬುದನ್ನು ಪರೀಕ್ಷಿಸಬೇಕು. ಪೀಠಗಳನ್ನು ಕೊಂಡೊಯ್ದು ಬಿಗಿದು ನೋಡುವುದಕ್ಕಿಂತ ಉತ್ತಮ ಪರೀಕ್ಷೆ ಇಲ್ಲ.

ಎತ್ತರದ ವಾಹನವು ತಾನಾಗಿಯೇ ಸುರಕ್ಷಿತವೆಂಬ ನಂಬಿಕೆಯೂ ಬಹಳ ಜನರಲ್ಲಿದೆ. ಒಂದು ಬೆಂಕಿಪೊಟ್ಟಣವನ್ನು ಹಲಗೆಯ ಮೇಲೆ ಮಲಗಿಸಿ, ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಹಲಗೆಯನ್ನು ಮೆಲ್ಲನೆ ಓರೆಮಾಡಿ. ನಿಂತದ್ದು ಮೊದಲು ಉರುಳುತ್ತದೆ. ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸ್ಥಿರತೆಯ ಅಳತೆ. ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆಯ ಪ್ರಕಾರ ಸಾಧಾರಣ ಕಾರುಗಳಲ್ಲಿ ಇದು 1.30ರಿಂದ 1.50ರವರೆಗೆ, ಎತ್ತರದ ವಾಹನಗಳಲ್ಲಿ 1.00ರಿಂದ 1.30ರವರೆಗೆ ಇರುತ್ತದೆ. ಆದುದರಿಂದ ಇವುಗಳಲ್ಲಿ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ಇರಲೇಬೇಕು. ಘಾಟಿಯ ತಿರುವುಗಳಿರುವ ದಾರಿಗೆ ಹೊರಟಾಗ ಭಾರವಾದ ಗಂಟುಗಳನ್ನು ಮಾಡಿನ ಮೇಲೆ ಹೇರಬಾರದು.

ನಮ್ಮ ದೇಶದಲ್ಲಿ 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷಾ ವ್ಯವಸ್ಥೆ ಜಾರಿಯಲ್ಲಿದೆ. ಮುಂಭಾಗದ ಢಿಕ್ಕಿಯ ಪರೀಕ್ಷೆ ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ನಡೆಯುತ್ತದೆ. ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಕ್ಕಳನ್ನು ಹೋಲುವ ಗೊಂಬೆಗಳೂ ಅದರಲ್ಲಿರುತ್ತವೆ. ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಬೇರೆಬೇರೆ ನಕ್ಷತ್ರಗಳನ್ನು ಕೊಡುವುದರಿಂದ ಎರಡನ್ನೂ ಓದಬೇಕು. ವೇಗ 100ಕ್ಕೆ ಏರಿದರೆ ಚಲನ ಶಕ್ತಿಯು ಪರೀಕ್ಷೆಯಲ್ಲಿದ್ದುದರ ಸುಮಾರು ಎರಡೂವರೆ ಪಟ್ಟಾಗುತ್ತದೆ ಎಂಬುದನ್ನೂ ಮರೆಯಬಾರದು. ನಕ್ಷತ್ರಗಳ ಭರವಸೆ ಅಷ್ಟು ದೂರಕ್ಕೆ ಚಾಚುವುದಿಲ್ಲ.

ಕೊನೆಗೆ ಅಷ್ಟೇನೂ ಎತ್ತರವಿಲ್ಲದ, ಮೂರು ಸಾಲುಗಳ ವಾಹನವೊಂದು ಮನೆಗೆ ಬಂದಿತು. ನಡುಸಾಲಿನಲ್ಲಿ ಹಿಂದಕ್ಕೆ ಮುಖಮಾಡಿ ಕೂಸು, ಅದರ ಪಕ್ಕದಲ್ಲಿ ತನ್ನ ಪೀಠದ ಮೇಲೆ ಮೂರು ವರ್ಷದವನು. ಕೊನೆಯ ಸಾಲಿನಲ್ಲಿ ಎತ್ತರಿಸುವ ಪೀಠದ ಮೇಲೆ ಹಿರಿಯವಳು, ಅವಳ ಬಳಿಯಲ್ಲಿ ನಮ್ಮ ತಾಯಿಯವರು. ಹೊರಡುವ ದಿನ ಮೂರು ಅಕ್ಕಿಮೂಟೆಗಳ ಲೆಕ್ಕವನ್ನು ಅವರಿಗೆ ಇನ್ನೊಮ್ಮೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ಪಟ್ಟಿಯನ್ನೂ ಸರಿಯಾಗಿ ಹಾಕಿಕೊಡಪ್ಪ” ಎಂದರು. ಅವರ ಕೈ ಮಾತ್ರ ದಾರಿಯುದ್ದಕ್ಕೂ ಮುಂದೆ ಚಾಚಿ ಕೂಸಿನ ಪೀಠದ ಅಂಚನ್ನು ಮುಟ್ಟಿಕೊಂಡೇ ಇದ್ದಿತು.