ಅಂದಾಜಿನಿಂದ ಉತ್ತರಕ್ಕೆ

ರೆಸಿಸ್ಟರ್‌ನ ಲೆಕ್ಕ ಸರಳ. ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟೂ ಎರಡು ಪಟ್ಟು. ಡಯೋಡ್ ಹಾಗಲ್ಲ, ಅದರ ಮೇಲಿನ ವೋಲ್ಟೇಜ್ ಬರೀ 60 ಮಿಲಿವೋಲ್ಟ್ ಏರಿದರೆ ಸಾಕು, ಕರೆಂಟು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. 5 ವೋಲ್ಟ್ ಬ್ಯಾಟರಿ, ಒಂದು ಕಿಲೋಓಮ್ ರೆಸಿಸ್ಟರ್, ಒಂದು ಡಯೋಡ್, ಇಷ್ಟೇ ಇರುವ ಸರ್ಕಿಟ್ ಕೂಡ ಶಾಲೆಯ ಬೀಜಗಣಿತಕ್ಕೆ ಬಗ್ಗುವುದಿಲ್ಲ. ಡಯೋಡು, ಟ್ರಾನ್ಸಿಸ್ಟರುಗಳಿಂದ ಕಿಕ್ಕಿರಿದ ಸರ್ಕಿಟ್‌ಗಳನ್ನೂ ಬೆಸುಗೆ ಹಾಕುವ ಮೊದಲೇ ಲೆಕ್ಕ ಹಾಕಿ ತೋರಿಸುವ ಮುಕ್ತ ತಂತ್ರಾಂಶ ಎನ್‌ಜಿಸ್ಪೈಸ್.

ಅದು ಅಂದಾಜಿನಿಂದ ಶುರುಮಾಡುತ್ತದೆ. ಡಯೋಡಿನ ಮೇಲೆ ಇಷ್ಟು ವೋಲ್ಟೇಜ್ ಇರಬಹುದು ಎಂದುಕೊಂಡು, ಅದರ ವೋಲ್ಟೇಜ್-ಕರೆಂಟಿನ ಬಾಗಿದ ರೇಖೆಗೆ ಆ ಬಿಂದುವಿನಲ್ಲಿ ಒಂದು ಸ್ಪರ್ಶರೇಖೆ ಎಳೆಯುತ್ತದೆ. ಆ ಕ್ಷಣಕ್ಕೆ ಡಯೋಡೂ ರೆಸಿಸ್ಟರಿನಷ್ಟೇ ಸರಳ. ಕಿರ್ಕಾಫ್ ನಿಯಮದ ಸಮೀಕರಣಗಳನ್ನು ಬಿಡಿಸಿದರೆ ಹೊಸ ವೋಲ್ಟೇಜ್ ಸಿಗುತ್ತದೆ. ಅಲ್ಲಿ ಮತ್ತೊಂದು ಸ್ಪರ್ಶರೇಖೆ. ಒಂದರ ಹಿಂದೊಂದು ಬಂದ ಉತ್ತರಗಳ ನಡುವಿನ ವ್ಯತ್ಯಾಸ ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿಯುವವರೆಗೂ ಇದೇ ಕೆಲಸ. ನ್ಯೂಟನ್ ವಿಧಾನ ಇದೇ.

ಆದರೆ ನ್ಯೂಟನ್ ವಿಧಾನವನ್ನು ಅದರ ಪಾಡಿಗೆ ಬಿಟ್ಟರೆ ಅಪಾಯವಿದೆ. ಸೊನ್ನೆ ವೋಲ್ಟ್‌ನಲ್ಲಿ ಸ್ಪರ್ಶರೇಖೆ ಬಹುತೇಕ ಮಟ್ಟಸವಾಗಿರುವುದರಿಂದ, ಮುಂದಿನ ಅಂದಾಜು ನೇರ 5 ವೋಲ್ಟಿನ ಬಳಿಗೇ ಜಿಗಿದುಬಿಡುತ್ತದೆ. ಅಲ್ಲಿ ಡಯೋಡಿನ ಸೂತ್ರ ಕೊಡುವ ಕರೆಂಟಿನ ಸಂಖ್ಯೆಗೆ ಎಂಬತ್ತರಷ್ಟು ಸೊನ್ನೆಗಳು ಹೆಚ್ಚುತ್ತವೆ! ಅದಕ್ಕೇ ಪ್ರತಿ ಜಿಗಿತಕ್ಕೂ ಮಿತಿ ಹಾಕುವ ಪುಟ್ಟ ಕೋಡ್ ಒಂದಿದೆ. ಇಡೀ ತಂತ್ರಾಂಶದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಅದು. ಗಣಿತ ಬಲ್ಲವರು ಡಯೋಡನ್ನೂ ಚೆನ್ನಾಗಿ ಬಲ್ಲವರಾಗಿದ್ದರೆ ಮಾತ್ರ ಇಂಥದ್ದು ಹೊಳೆಯುತ್ತದೆ. ಕೆಪಾಸಿಟರ್ ಬಂದರೆ ಕಾಲದ ಲೆಕ್ಕವೂ ಸೇರುತ್ತದೆ. ಅಲೆ ಸಪಾಟಾಗಿರುವಲ್ಲಿ ದೊಡ್ಡ ಹೆಜ್ಜೆ, ಥಟ್ಟನೆ ಏರುವಲ್ಲಿ ಪುಟ್ಟ ಹೆಜ್ಜೆ, ಘಾಟಿಯ ತಿರುವಿನಲ್ಲಿ ಗೇರ್ ಇಳಿಸುವ ಬಸ್ ಡ್ರೈವರಂತೆ.

ಎನ್‌ಜಿಸ್ಪೈಸ್‌ನ ಮೂಲ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ್ದು. ರೋನಾಲ್ಡ್ ರೋರರ್ ಅವರ ತರಗತಿಯಲ್ಲಿ ಮೊಳೆತ ಕೆಲಸವನ್ನು ಲಾರೆನ್ಸ್ ನೇಗಲ್, ಡೊನಾಲ್ಡ್ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಬೆಳೆಸಿದರು. 1973ರಲ್ಲಿ ಸ್ಪೈಸ್ ಎಂಬ ಹೆಸರಿನಲ್ಲಿ ಅದು ಹೊರಬಂತು. ಪೆಡರ್ಸನ್ ಅದನ್ನು ಬಚ್ಚಿಡಲಿಲ್ಲ, ಹಂಚಿದರು. ಎನ್‌ಜಿಸ್ಪೈಸ್ ನಿಂತಿರುವುದು ಬರ್ಕ್ಲಿಯ ಮೂರನೇ ಆವೃತ್ತಿಯ ಮೇಲೆ.

ಪಂಚ್ ಕಾರ್ಡ್ ಕಾಲದ ಗುರುತುಗಳು ಇಂದಿಗೂ ಉಳಿದಿವೆ. ಸರ್ಕಿಟ್ಟನ್ನು ಸಾಲುಸಾಲಾಗಿ ಬರೆದುಕೊಡುವ ಕಡತದ ಮೊದಲ ಸಾಲು ಯಾವಾಗಲೂ ಶೀರ್ಷಿಕೆ. ಅಲ್ಲಿ ರೆಸಿಸ್ಟರ್ ಬರೆದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡಕ್ಷರ, ಸಣ್ಣಕ್ಷರದ ಭೇದವೂ ಇಲ್ಲ. ಹಾಗಾಗಿ ‘1ಎಂ’ ಎಂದು ಬರೆದರೆ ಅದು ಒಂದು ಮಿಲಿಓಮ್. ಮೆಗಾಓಮ್ ಬೇಕಿದ್ದರೆ ‘1ಮೆಗ್’ ಎಂದೇ ಬರೆಯಬೇಕು. ಹೊಸಬರು ಇದನ್ನು ಮೊದಲ ದಿನವೇ ತಿಳಿದಿರುವುದು ಒಳ್ಳೆಯದು.

ಸಾಲುಗಳ ಬದಲು ಚಿತ್ರವೇ ಬರೆಯುವವರಿಗೆ ಕೈಕ್ಯಾಡ್ ಇದೆ. 1992ರಲ್ಲಿ ಫ್ರಾನ್ಸಿನ ಜೀನ್-ಪಿಯರ್ ಶರಾಸ್ ಆರಂಭಿಸಿದ ಈ ತಂತ್ರಾಂಶಕ್ಕೆ ಮುಂದೆ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಕೂಡ ಕೈಜೋಡಿಸಿತು. ಅದರಲ್ಲಿ ಬಿಡಿಸಿದ ಸರ್ಕಿಟ್ಟನ್ನು ಅಲ್ಲಿಂದಲೇ ಎನ್‌ಜಿಸ್ಪೈಸ್‌ಗೆ ಒಪ್ಪಿಸಬಹುದು. ಇವೆರಡನ್ನೂ ಒಟ್ಟುಗೂಡಿಸಿ ಐಐಟಿ ಬಾಂಬೆಯ ಫಾಸ್ಸಿ ತಂಡ ಇಸಿಮ್ ಎಂಬ ಕಟ್ಟನ್ನು ಕೊಟ್ಟಿದೆ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲೈಸೆನ್ಸಿನ ಹಣವಿಲ್ಲದೆ ಅದನ್ನು ಸ್ವಂತ ಲ್ಯಾಪ್‌ಟಾಪಿನಲ್ಲೇ ಹಾಕಿಕೊಳ್ಳಬಹುದು. ಹಾಕಿಕೊಂಡವರು ಎನ್‌ಜಿಸ್ಪೈಸ್‌ನ ಮೂಲ ಕೋಡನ್ನೂ ಇಳಿಸಿಕೊಳ್ಳಲಿ. ಡಯೋಡಿನ ಲೆಕ್ಕ ‘ಡಿಯೋಲೋಡ್’ ಎಂಬ ಕಡತದಲ್ಲಿದೆ. ಮೊದಲ ವರ್ಷದಲ್ಲಿ ಕಲಿತ ಸಿ ಭಾಷೆಯ ಬಲದಿಂದಲೇ ಅದರೊಳಗೆ ಕಾಲಿಡಬಹುದು.