ದಪ್ಪಕ್ಷರದ ಬೋರ್ಡು ಬರೆಸುವ ಮುನ್ನ

ಮೈಸೂರಿನ ನಜರ್‌ಬಾದ್ ಮುಖ್ಯರಸ್ತೆಯ ಬೋರ್ಡುಗಳನ್ನು ಯಾರೂ ನಿಂತು ಓದುವುದಿಲ್ಲ. ಸ್ಕೂಟರಿನಲ್ಲೋ ಸಿಟಿ ಬಸ್ಸಿನ ಕಿಟಕಿಯಲ್ಲೋ ಹಾದುಹೋಗುತ್ತಲೇ ಓದಬೇಕು. ಅಂಥ ಕಡೆ ದಪ್ಪ, ದುಂಡನೆಯ ಅಕ್ಷರ ಚೆನ್ನಾಗಿ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಈ ಬಗೆಯದು ಬೇಕೆಂದರೆ ‘ಬಲೂ ತಮ್ಮ’ ಇದೆ. ಮುಂಬೈಯ ಏಕ್ ಟೈಪ್ ತಂಡ ರೂಪಿಸಿದ ಫಾಂಟ್ ಇದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಮುಕ್ತ ಪರವಾನಗಿ ಇರುವುದರಿಂದ ವ್ಯಾಪಾರಕ್ಕೂ ಬಳಸಬಹುದು. ಮೊದಲು ಒಂದೇ ದಪ್ಪದಲ್ಲಿ ಬಂದಿತ್ತು; ‘ಬಲೂ ತಮ್ಮ 2’ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾಬೋಲ್ಡ್‌ವರೆಗೆ 5 ದಪ್ಪಗಳಿವೆ. ಇಂಗ್ಲಿಷ್ ಅಕ್ಷರಗಳೂ ಅದರಲ್ಲೇ ಇರುವುದರಿಂದ ಎರಡು ಭಾಷೆಯ ಬೋರ್ಡಿಗೆ ಹೊಂದಾಣಿಕೆ ಹುಡುಕಬೇಕಿಲ್ಲ.

ಕನ್ನಡದ ಅಕ್ಷರ ಮೊದಲೇ ದುಂಡು. ಹಾಗಾಗಿ ಗೆರೆಯ ತುದಿಗಳನ್ನೂ ದುಂಡಾಗಿಸಿದರೆ ಅದು ಹೊರಗಿನಿಂದ ತಂದು ಅಂಟಿಸಿದಂತೆ ಕಾಣುವುದಿಲ್ಲ. ತೊಡಕಿರುವುದು ದಪ್ಪದಲ್ಲಿ. ಗೆರೆ ದಪ್ಪವಾದಷ್ಟೂ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚುತ್ತಾ ಬರುತ್ತದೆ. ದ, ಧ, ಥ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ: ಅಡಿಯ ಸಣ್ಣ ಸೀಳುಗೆರೆ, ನಡುವಿನ ಚುಕ್ಕೆ ಇವಷ್ಟೇ ವ್ಯತ್ಯಾಸ. ದೂರದಿಂದ ಮೊದಲು ಅಳಿಸಿಹೋಗುವುದೂ ಅವೇ. ಆದ್ದರಿಂದ ದಪ್ಪ ಫಾಂಟಿಗೆ ಮತ್ತೆ ಬೋಲ್ಡ್ ಬಟನ್ ಒತ್ತಬೇಡಿ, ಸುತ್ತ ಅದೇ ಬಣ್ಣದ ಔಟ್‌ಲೈನ್ ಹಾಕಿಸಲೂಬೇಡಿ.

ಎತ್ತರದ ಲೆಕ್ಕವೂ ಇದೆ. ‘ಹೋಟೆಲ್’ ಪದಕ್ಕೆ ಕೆಳಗೆ ಜಾಗ ಬೇಡ. ‘ಲಕ್ಷ್ಮೀ ಸ್ಟೋರ್ಸ್’ಗೆ ಒತ್ತಿನ ಕೆಳಗೆ ಒತ್ತು. ಒತ್ತನ್ನು ಹಿಡಿಸಲು ಇಡೀ ಹೆಸರನ್ನೇ ಕುಗ್ಗಿಸುವುದು ಬೋರ್ಡುಗಳಲ್ಲಿ ನನಗೆ ಬಹಳ ಬೇಸರ ತರಿಸುವ ಸಂಗತಿ. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಕಾಯ್ದೆಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಆ ಜಾಗವನ್ನು ಒತ್ತು ಸಮೇತ ಅಳೆದುಕೊಂಡೇ ಬೋರ್ಡಿನ ಅಳತೆ ಹೇಳಿ.

ಈ ಅಕ್ಷರ ಹೆಸರಿಗೆ, ಮಕ್ಕಳ ಪುಸ್ತಕದ ಮುಖಪುಟಕ್ಕೆ, ಐಸ್‌ಕ್ರೀಂ ಅಂಗಡಿಗೆ, ಶಾಲಾ ವಾರ್ಷಿಕೋತ್ಸವದ ಬ್ಯಾನರಿಗೆ ಸೊಗಸು. ವಿಳಾಸ, ಫೋನ್ ನಂಬರು, ದರಪಟ್ಟಿಗೆ ಕಡಿಮೆ ದಪ್ಪವನ್ನೇ ಆರಿಸಿ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಮಾತ್ರ ಖಂಡಿತ ಬೇಡ.

ಇನ್ನು ಕಂಪ್ಯೂಟರಿನ ಕೆಲಸ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಬಲೂಗೆ ಬದಲಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ‘ನಜರ್‌ಬಾದ್’ ಎಂಬ ಹೆಸರಿಗೇ ಒಂದು ವಿಶೇಷ ಎಚ್ಚರಿಕೆ ಬೇಕು. ಸುಮ್ಮನೆ ಟೈಪ್ ಮಾಡಿದರೆ ರಕಾರ ಅರ್ಕಾವೊತ್ತಾಗಿ ‘ಬಾ’ದ ಪಕ್ಕ ಹೋಗಿ ಕೂರುತ್ತದೆ: ನಜರ್ಬಾದ್. ‘ರ್’ ಬಿಡಿಯಾಗಿ ನಿಲ್ಲಲು ನಡುವೆ ಝೀರೋ ವಿಡ್ತ್ ನಾನ್‌ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಹಾಕಬೇಕು.

ಮುದ್ರಣಕ್ಕೆ ಕೊಡುವ ಮುಂಚೆ ಹೆಸರನ್ನು ಎ4 ಹಾಳೆಯಲ್ಲಿ ತೆಗೆಸಿ, ಗೋಡೆಗೆ ಅಂಟಿಸಿ, ಹತ್ತಾರು ಹೆಜ್ಜೆ ಹಿಂದೆ ಸರಿದು ಓದಿ. ‘ಧ’ ಹೋಗಿ ‘ದ’ ಕಂಡರೆ ಒಂದು ದಪ್ಪ ಇಳಿಸಿ. ಎಲ್ಲ ಸರಿಯಿದ್ದರೆ ಅಕ್ಷರಗಳನ್ನು ಕರ್ವ್ಸ್‌ಗೆ (ಬರಿಯ ಆಕಾರಗಳಾಗಿ) ಬದಲಿಸಿ ಫೈಲ್ ಕೊಡಿ. ಆಗ ಮುದ್ರಕರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಒತ್ತುಗಳು ಚದುರುವುದಿಲ್ಲ.